ಅವ್ವನ ವಯಸ್ಸು ಬರೆದವಳು

ಅವ್ವನ ವಯಸ್ಸನ್ನು ಕೆಡಿಸಿದವಳು ನಾನೇ. ತೊಂಬತ್ತೊಂದರಲ್ಲಿ ತಾಂಡ್ಯದ ಕಾರ್ಖಾನೆಯೊಂದಕ್ಕೆ ಕಸ ಗುಡಿಸುವ ಹೆಂಗಸರು ಬೇಕಾಗಿದ್ದರು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದ ನಾನು ನಂಜನಗೂಡಿನ ನಮ್ಮ ಬಾಡಿಗೆ ಮನೆಯ ಜಗುಲಿಯಲ್ಲಿ ಕೂತು ಅವಳ ಅರ್ಜಿ ತುಂಬಿದೆ.

“ಮೂವತ್ಮೂರು ಅಂತ ಬರಿ ಕಣವ್ವ. ಮೂವತ್ತೈದು ದಾಟಿದ್ರೆ ತಕ್ಕೊಳಲ್ವಂತೆ,” ಎಂದಳು ಅವ್ವ.

ಆಗ ಅವಳಿಗೆ ನಲವತ್ತನಾಲ್ಕು. ಸೋಸಲೆಯ ತವರಿನಲ್ಲಿ ಸ್ವಾತಂತ್ರ್ಯದ ಬಾವುಟ ಹಾರಿಸಿದಾಗ ತೊಟ್ಟಿಲಲ್ಲಿದ್ದಳಂತೆ. ನಾನು ದುಂಡಗಿನ ಅಕ್ಷರದಲ್ಲಿ ಮೂವತ್ತಮೂರು ಎಂದು ಬರೆದು, ಅದಕ್ಕೆ ಹೊಂದುವಂತೆ ಹುಟ್ಟಿದ ತಾರೀಖನ್ನೂ ಹುಟ್ಟಿಸಿದೆ. ಎಲ್ಲೂ ತಪ್ಪಿಲ್ಲವೆಂದು ಹೆಮ್ಮೆ ಬೇರೆ.

ಕೆಲಸ ಸಿಕ್ಕಿತು. ಅಲ್ಲಿಂದ ಹದಿನಾಲ್ಕು ವರ್ಷ, ತಿಂಗಳಿಗೊಂದು ಭಾನುವಾರ ಅವ್ವನ ಕೂದಲಿಗೆ ಕಪ್ಪು ಹಚ್ಚುವುದು ನನ್ನ ಪಾಲಿಗೆ ಬಂತು. ಬಿಳಿ ಕಂಡರೆ ಗೇಟಿನಿಂದಲೇ ಆಚೆಗೆ ಕಳಿಸುತ್ತಾರೆ ಎಂಬ ಭಯ ಅವಳಿಗೆ. ಹಾಗೆ ಯಾರನ್ನಾದರೂ ಕಳಿಸಿದ್ದನ್ನು ಅವಳೂ ನೋಡಿರಲಿಲ್ಲ.

ಎರಡು ಸಾವಿರದ ಐದರಲ್ಲಿ ಮಂಡಿ ಮಡಿಸಲಾಗದೆ ಕಾರ್ಖಾನೆ ಬಿಟ್ಟು, ಎರಡು ಮನೆಗಳ ಪಾತ್ರೆ ತೊಳೆಯಲು ಹೋಗತೊಡಗಿದಳು. ಪಿಂಚಣಿಗೆ ಬೇಕಾದ ಐವತ್ತೆಂಟು ತುಂಬಿತ್ತು. ಪಿಂಚಣಿ ಬಂದರೆ ಆ ಪಾತ್ರೆಗಳಾದರೂ ತಪ್ಪುತ್ತವೆ ಎಂದು ಪಿ.ಎಫ್. ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಕಡತ ತೆರೆದರು.

“ನಿಮ್ಮ ತಾಯಿಗೆ ಇನ್ನೂ ನಲವತ್ತೇಳು. ಹನ್ನೊಂದು ವರ್ಷ ಬಿಟ್ಟು ಬನ್ನಿ.”

ಕಾರ್ಖಾನೆಯಿಂದ ಬಂದಿದ್ದ ಆ ಕಡತದಲ್ಲಿದ್ದದ್ದು ನನ್ನದೇ ದುಂಡಗಿನ ಅಕ್ಷರ. ಬನ್ನೂರಿನಲ್ಲಿದ್ದ ಅಣ್ಣನ ಅಂಕಪಟ್ಟಿ ತೋರಿಸಿ, ನಿಮ್ಮ ಲೆಕ್ಕದಂತೆ ಅವ್ವ ಒಂಬತ್ತನೇ ವರ್ಷಕ್ಕೇ ಇವನನ್ನು ಹೆತ್ತಿರಬೇಕಲ್ಲ ಸಾರ್ ಎಂದೆ.

“ಹಂಗಾದ್ರೆ ನಿಮ್ಮಣ್ಣನ ವಯಸ್ಸೇ ತಪ್ಪಿರ್ಬೇಕು ನೋಡಮ್ಮ,” ಎಂದು ಅವರು ಕಡತ ಕಟ್ಟಿದರು.

ಅವ್ವನ ತವರು ಸೇರಿದ್ದ ತಿ. ನರಸೀಪುರದ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದೆವು. ಹಳೆಯ ಜನನ ರಿಜಿಸ್ಟರಿನಲ್ಲಿ ಅವ್ವ ಹುಟ್ಟಿಯೇ ಇರಲಿಲ್ಲ. ಉಳಿದದ್ದು ನೋಡಿ ವಯಸ್ಸು ಅಂದಾಜಿಸುವ ಸರ್ಕಾರಿ ವೈದ್ಯರ ಸರ್ಟಿಫಿಕೇಟು ಒಂದೇ. ಮೂರು ತಿಂಗಳು ಕಪ್ಪು ಹಚ್ಚದೆ ಬಿಟ್ಟೆ. ನೆತ್ತಿ ಪೂರ್ತಿ ಬೆಳ್ಳಗಾಯಿತು. ಅವ್ವ ಸೆರಗು ಹೊದ್ದುಕೊಂಡೇ ಓಡಾಡಿದಳು.

ವೈದ್ಯರನ್ನು ಕಾಣಬೇಕಿದ್ದ ದಿನ ನಾನು ಕೆಲಸದಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಅವ್ವ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ತಲೆ ಕಾಡಿಗೆಯಷ್ಟು ಕಪ್ಪು. ಒಬ್ಬಳೇ ಹಚ್ಚಿಕೊಂಡಿದ್ದರಿಂದ ಕಿವಿಗೂ ಮೆತ್ತಿತ್ತು.

“ಆಪೀಸರ್ ಮುಂದೆ ಓಗದಲ್ವಾ? ಮುದುಕಿ ಅಂತ ಆಚೆಗೆ ಕಳಿಸ್ಬುಟ್ರೆ ಏನ್ ಮಾಡನೆ?”

ಅಷ್ಟು ಜನರ ಮುಂದೆ ಅವಳನ್ನು ಬಾಯಿಗೆ ಬಂದಂತೆ ಬೈದೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ವೈದ್ಯರು ಹಲ್ಲು ನೋಡಿದರು, ಒಂದೂ ಬಿದ್ದಿರಲಿಲ್ಲ. ತಲೆ ನೋಡಿದರು. ಸುಮಾರು ನಲವತ್ತೆಂಟು ಎಂದು ಬರೆದುಕೊಟ್ಟರು.

ಅವ್ವ ಮತ್ತೆ ಎರಡು ವರ್ಷ ಪಾತ್ರೆ ತೊಳೆದಳು. ಒಂದು ಬೆಳಿಗ್ಗೆ ಯಾರದೋ ಹಿತ್ತಿಲಲ್ಲಿ ಬೋಸಿ ಉಜ್ಜುತ್ತಿದ್ದವಳು ಪಕ್ಕಕ್ಕೆ ವಾಲಿ ಬಿದ್ದಳು, ಮತ್ತೆ ಏಳಲಿಲ್ಲ.

ಮರಣ ಬರೆಸಲು ಹೋದಾಗ ವಯಸ್ಸು ಅರವತ್ತು ಎಂದೆ. ದಾಖಲೆ ಕೇಳಿದರು. ನನ್ನ ಹತ್ತಿರ ಉಳಿದಿದ್ದದ್ದು ಕಾರ್ಖಾನೆಯ ಕಾಗದ ಮಾತ್ರ. ಅಲ್ಲಿನ ಗುಮಾಸ್ತರು ಬೆರಳು ಮಡಿಸಿ ಎಣಿಸಿ, ನಲವತ್ತೊಂಬತ್ತು ಎಂದು ಬರೆದುಕೊಂಡರು.

“ಛೆ, ಸಾಯೋ ವಯಸ್ಸಲ್ಲ ಬಿಡಮ್ಮ,” ಎಂದರು, ನಿಜವಾದ ಮರುಕದಿಂದ.

ನಾನು ಹೌದು ಸಾರ್ ಎಂದು, ಅದೇ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದೆ.