ಗೊಂಡೆ ಕಟ್ಟುವ ರುಕಿಯಾಗೆ ಎರಡು ಬಗೆಯ ಬಿಳಿ

ಬೆಳಗಿನ ನಮಾಜು ಮುಗಿದಿದೆ. ಚಹಾಕ್ಕೆ ನೀರಿಟ್ಟು ಬಂದ ರುಕಿಯಾ ಜಗಲಿಯ ಮೆಟ್ಟಿಲಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಮಡಿಲ ತುಂಬ ನೂಲಿನ ಲಡಿಗಳು. ಕಡಬ ಪೇಟೆಯಿಂದ ಸ್ವಲ್ಪ ಒಳಗಿರುವ ಈ ಮನೆಗೆ ಬೆಳಕು ಬರುವುದೇ ರಬ್ಬರ್ ಮರಗಳ ಸಂದಿಯಿಂದ, ಅದೂ ಚೂರುಚೂರಾಗಿ. ಆದರೂ ಬಣ್ಣ ಆರಿಸುವ ಕೆಲಸಕ್ಕೆ ಅವರಿಗೆ ಈ ಹೊತ್ತೇ ಬೇಕು. ಟ್ಯೂಬ್‌ಲೈಟಿನ ಬೆಳಕನ್ನು ಅವರು ನಂಬುವುದಿಲ್ಲ.

ಒಂದು ಲಡಿಯನ್ನು ಎತ್ತಿ ಹಿಡಿದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡುತ್ತಾರೆ. ಆಮೇಲೆ ಬಲಗಣ್ಣನ್ನು ಮುಚ್ಚಿ ಅದೇ ಲಡಿಯನ್ನು ಮತ್ತೆ ನೋಡುತ್ತಾರೆ. ನೋಡಿ, ತಲೆ ಕೊಡವಿ, ಲಡಿಯನ್ನು ಕೆಳಗಿಡುತ್ತಾರೆ.

"ಬಲಗಣ್ಣಿಗೆ ಇದು ಬಿಳಿ. ಎಡಗಣ್ಣಿಗೆ ಬೆಲ್ಲ ಹಾಕಿದ ಹಾಲಿನ ಹಾಗೆ ಉಂಟು. ನೂಲು ಒಂದೇ, ನೋಡುವವಳೂ ಒಬ್ಬಳೇ. ಯಾವುದನ್ನು ನಂಬುದು ಹೇಳಿ?"

ರುಕಿಯಾ ಗೊಂಡೆ ಕಟ್ಟುವವರು. ಪುತ್ತೂರು, ಸುಳ್ಯ, ಕಡಬದ ಕಡೆ ಹೊಸದಾಗಿ ಎದ್ದ ಮನೆಗಳ ಕಿಟಕಿ ಪರದೆಯ ಅಂಚಿಗೆ ಸಾಲಾಗಿ ಇಳಿಬಿದ್ದ ಝಾಲರಿ, ಸೋಫಾ ದಿಂಬಿನ ನಾಲ್ಕು ಮೂಲೆಯ ಕುಚ್ಚು, ಕಪಾಟಿನ ಕೀಲಿಗೆ ಜೋತುಬಿದ್ದ ಗೊಂಡೆ ಕಂಡರೆ, ಅದನ್ನು ಕಟ್ಟಿದ ಕೈ ಇವರದಾಗಿರಬಹುದು. ಆ ಮನೆಯವರಿಗೆ ಇವರ ಹೆಸರು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಪುತ್ತೂರಿನ ಕರ್ಟನ್ ಅಂಗಡಿ ಮಾತ್ರ.

ಈ ಕೆಲಸ ಶುರುವಾದದ್ದು ಮನೆಗಳಿಗಾಗಿ ಅಲ್ಲ, ಜೀಪುಗಳಿಗಾಗಿ. ಗಂಡ ಕುಂಞಿ ಮೋನು ಕಡಬದಲ್ಲಿ ಜೀಪಿನ ಸೀಟು, ಟಾರ್ಪಾಲಿನ ಟಾಪು ಹೊಲಿಯುತ್ತಿದ್ದರು. ಹಳ್ಳಿಗೆ ಜನ ತುಂಬಿಕೊಂಡು ಹೋಗುವ ಜೀಪೆಂದರೆ ಆಗ ಮುಂಗಾಜಿನ ಮೇಲೆ ಕೆಂಪು, ಹಸಿರು, ಹಳದಿ ಝಾಲರಿ ಇರಲೇಬೇಕು; ಕನ್ನಡಿಗೆ ಎರಡು ಗೊಂಡೆಯಾದರೂ ಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನ ಅಂಗಡಿಯಲ್ಲಿ ಉಳಿದ ನೂಲನ್ನು ಸುಮ್ಮನೆ ಸುತ್ತುತ್ತಾ ರುಕಿಯಾ ಇದನ್ನು ಕಲಿತರು. ಹೇಳಿಕೊಟ್ಟವರು ಯಾರೂ ಇಲ್ಲ.

"ಜೀಪಿನವರಿಗೆ ಬಣ್ಣದ್ದು ತಕರಾರೇ ಇರ್ಲಿಲ್ಲ," ಎಂದು ನಗುತ್ತಾರೆ. "ದೂರದಿಂದ ಕಾಣ್ಬೇಕು, ಅಷ್ಟೆ. ಜೋರು ಬಣ್ಣ ಆದಷ್ಟು ಖುಷಿ."

ಅವರ ಸಾಮಾನು ಕಡಿಮೆ. ಎರಡು ಮೊಳೆ ಹೊಡೆದ ಹಲಗೆ, ಕತ್ತರಿ, ದಪ್ಪ ಸೂಜಿ, ಒಂದು ಬಾಚಣಿಗೆ. ಮೊಳೆಯಿಂದ ಮೊಳೆಗೆ ನೂಲು ಸುತ್ತಿ, ನಡುವೆ ಬಿಗಿದು, ಮಡಚಿ, ಕುತ್ತಿಗೆ ಕಟ್ಟಿ, ಬುಡ ಕತ್ತರಿಸುತ್ತಾರೆ. ಗೊಂಡೆಯ ತಲೆ ದುಂಡಗೆ ನಿಲ್ಲಲು ಒಳಗೆ ಒಣಗಿಸಿದ ರಬ್ಬರ್ ಬೀಜ ಇಡುತ್ತಾರೆ. ಹಿತ್ತಲಿಗೆ ಹೋದರೆ ಬೇಕಾದಷ್ಟು ಬಿದ್ದಿರುತ್ತದೆ. ಕೊನೆಗೆ ಕುದಿಯುವ ಕೆಟಲಿನ ಆವಿಗೆ ಹಿಡಿದು ಬಾಚಿದರೆ, ಮುದುಡಿದ್ದ ಎಳೆಗಳು ಸ್ನಾನ ಮಾಡಿಬಂದ ಹುಡುಗಿಯ ಕೂದಲಿನಂತೆ ನೇರ ಇಳಿಯುತ್ತವೆ.

ಜೀಪುಗಳು ಕಡಿಮೆಯಾದಾಗ ಹಲಗೆ ಅಟ್ಟ ಸೇರಿತ್ತು. ಅದನ್ನು ಕೆಳಗಿಳಿಸಿದ್ದು ಕುಂಞಿ ಮೋನುವಿನ ತಂಗಿಯ ಮಗ ಹಕೀಮ್. ಪುತ್ತೂರಿನಲ್ಲಿ ಕರ್ಟನ್ ಅಂಗಡಿ ಇಟ್ಟಿರುವ ಆತ ಒಂದು ದಿನ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ದೊಡ್ಡ ಕೋಣೆ, ಉದ್ದ ಪರದೆ, ಅದನ್ನು ಬದಿಗೆ ಸೆಳೆದು ಕಟ್ಟಿದ ಹಗ್ಗದ ತುದಿಯಲ್ಲಿ ಗೊಂಡೆ.

"ಮಾಮಿ, ಇದು ನಿಮ್ಮಿಂದ ಆಗ್ತದಾ?"

"ಇದು ಜೀಪಿಂದಲ್ವಾ ಮಾರಾಯ! ಮನೆಯೊಳಗೆ ಎಂತಕ್ಕೆ?"

ಆ ಪ್ರಶ್ನೆಗೆ ರುಕಿಯಾಗೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಅವರ ಮನೆಯ ಕಿಟಕಿಗೆ ಹಳೆಯ ಸೀರೆಯ ಪರದೆ; ಗಾಳಿಗೆ ಹಾರಿದರೆ ತುದಿಗೊಂದು ಗಂಟು ಹಾಕುತ್ತಾರೆ. ಅದಕ್ಕಿಂತ ಹೆಚ್ಚು ಗೊಂದಲ ತಂದದ್ದು ಬಣ್ಣ. ಹೊಸ ಮನೆಯವರಿಗೆ ಕೆಂಪು ಬೇಡ, ಹಸಿರು ಬೇಡ. ಬೂದಿ, ಕೆನೆ, ದಂತ, ಗೋಧಿ. ಹಕೀಮ್ ತರುವ ತುಂಡುಬಟ್ಟೆಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲವೂ ಒಂದೇ ಥರ. "ಬಣ್ಣ ಇಲ್ಲದ ಬಣ್ಣ" ಎಂದು ಅದಕ್ಕೆ ಅವರೇ ಹೆಸರಿಟ್ಟರು. ಎಲ್ಲವೂ ಒಂದೇ ಥರ ಕಾಣುವುದು ಬಟ್ಟೆಯ ತಪ್ಪಲ್ಲದಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ.

ಕಳೆದ ವರ್ಷ ಪುತ್ತೂರಿನ ಹೊಸ ಮನೆಯೊಂದರಿಂದ ದೊಡ್ಡ ಕೆಲಸ ಬಂತು. ಮನೆಯೊಡತಿ ಸಮನ್ವಿತಾ ಪ್ರತಿ ಕೋಣೆಗೂ ಏನು ಬೇಕೆಂದು ಯೋಚಿಸಿಟ್ಟಿದ್ದರು. "ಬೋಳಾಗಿ ಕಾಣುವ ಕಡೆ ಮಾತ್ರ ಝಾಲರಿ ಸಾಕು ರುಕಿಯಕ್ಕ. ಎಲ್ಲ ಕಡೆ ಹಾಕಿದ್ರೆ ಮನೆ ಹೋಗಿ ಮದುವೆ ಚಪ್ಪರ ಆಗ್ತದೆ," ಎಂದಿದ್ದರು. ಬಂದವರು ಕೂರುವ ಚಾವಡಿಯ ಪರದೆಗಳಿಗೆ ಅಂಚಿನುದ್ದಕ್ಕೂ ದಂತದ ಬಣ್ಣದ ಝಾಲರಿ, ದಿಂಬುಗಳಿಗೆ ಅದೇ ಬಣ್ಣದ ಕುಚ್ಚು. ಅದೇ ನೂಲು, ಬೇರೆ ಬೇಡ.

ರುಕಿಯಾ ಆ ಮಳೆಗಾಲವಿಡೀ, ಮನೆಯಲ್ಲಿದ್ದ ಲಡಿಗಳಲ್ಲಿ ಒಂದೇ ಬಣ್ಣದ್ದೆಂದು ಕಂಡವನ್ನು ಆರಿಸಿ, ಅದನ್ನೇ ಕಟ್ಟಿದರು. ಪರದೆ ತೂಗುಹಾಕುವ ದಿನ ಹಕೀಮ್ ಜತೆ ತಾವೂ ಹೋದರು. ತಾನು ಕಟ್ಟಿದ್ದು ಒಂದು ಮನೆಯಲ್ಲಿ ಹೇಗೆ ಕಾಣುತ್ತದೆ ಎಂದು ಅವರು ನೋಡಿದ್ದೇ ಇರಲಿಲ್ಲ.

ಪರದೆ ಏರಿತು. ಹಕೀಮ್ ಏಣಿಯ ಮೇಲೇ ನಿಂತುಬಿಟ್ಟ. ಸಮನ್ವಿತಾ ಹತ್ತಿರ ಬಂದು ಅಂಚನ್ನು ಎತ್ತಿ ನೋಡಿದರು.

"ಮಾಮಿ, ಇದೆಂತ ಮಾಡಿದ್ದು ನೀವು?"

"ಎಂತ?"

"ಬಣ್ಣ! ಒಂದು ಕಡೆ ಬಿಳಿ ಉಂಟು, ಒಂದು ಕಡೆ ದಂತ, ನಡುವಿನಲ್ಲಿ ತೆಳು ಹಳದಿ. ಮೂರು ಲಡಿ ಕಲಸಿ ಹಾಕಿದ್ದೀರಿ."

ರುಕಿಯಾ ಪರದೆಯ ಹತ್ತಿರ ಹೋದರು. ಅಂಚನ್ನು ಬೆರಳಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದರು. ಎಲ್ಲವೂ ಒಂದೇ. ಮೊದಲು ಅನ್ನಿಸಿದ್ದು, ಇವರೆಲ್ಲ ಸೇರಿ ತನ್ನನ್ನು ತಮಾಷೆ ಮಾಡುತ್ತಿದ್ದಾರೆ ಎಂದು. ಹಕೀಮ್‌ನ ಮುಖ ನೋಡಿದರು, ಅದರಲ್ಲಿ ತಮಾಷೆ ಇರಲಿಲ್ಲ. ಆಮೇಲೆ ಕೆಲಸ ಬೇಡವೆಂದು ಹೇಳಲು ನೆಪ ಹುಡುಕುತ್ತಿದ್ದಾರೆಯೇ ಎಂದು ಸಂಶಯ ಬಂತು. ಹಾಗಿದ್ದರೆ ಹಕೀಮ್ ಯಾಕೆ ಅವರ ಪರ?

"ನಂಗೆ ಒಂದೇ ಕಾಣ್ತದೆ," ಎಂದರು. ಸ್ವರ ಸಣ್ಣಗಾಗಿತ್ತು.

ಅಷ್ಟರವರೆಗೆ ಸೋಫಾದಲ್ಲಿ ಕೂತು ನೋಡುತ್ತಿದ್ದ ಸಮನ್ವಿತಾರ ಅತ್ತೆ ಶಂಕರಿ ಎದ್ದು ಬಂದರು. ಗೋಡೆಯ ಕಡೆ ಕೈ ತೋರಿಸಿ, "ಈ ಗೋಡೆಯ ಬಣ್ಣ ಎಂತ ಹೇಳು ನೋಡುವಾ," ಎಂದರು.

"ಗಂಧದ ಬಣ್ಣ ಅಲ್ವಾ ಅಮ್ಮ?"

"ಅಲ್ಲ ರುಕಿಯಾ. ಅಚ್ಚ ಬಿಳಿ. ಕಣ್ಣಿನ ಪೊರೆ ತೆಗೆಸುವ ಮೊದಲು ನನಗೂ ಗಂಧದ ಬಣ್ಣವೇ ಇದ್ದದ್ದು. ಪೇಂಟಿನವನ ಹತ್ತಿರ ಜಗಳ ಮಾಡಿದ್ದೇನೆ ನಾನು."

ಯಾರೂ ನಗಲಿಲ್ಲ. ಸಮನ್ವಿತಾ ಒಳಗೆ ಹೋಗಿ ಚಹಾ ತಂದರು. ಪರದೆ ಇಳಿಸುವುದೋ ಬಿಡುವುದೋ ಎಂಬ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ರುಕಿಯಾ ಕಿಟಕಿಯ ಹೊರಗಿನ ಪ್ರತಿ ಗೋಡೆಯನ್ನೂ, ಪ್ರತಿ ಅಂಗಿಯನ್ನೂ ಹಿಡಿದು, ಇದು ನಿಜವಾಗಿ ಯಾವ ಬಣ್ಣ ಇರಬಹುದು ಎಂದು ಲೆಕ್ಕ ಹಾಕಿದರು.

ಪರೀಕ್ಷೆ ಮಾಡಿದ ವೈದ್ಯರು ಎರಡೂ ಕಣ್ಣಿನಲ್ಲಿ ಪೊರೆ ಬಲಿತಿದೆ ಎಂದರು. ಮೊದಲು ಬಲಗಣ್ಣಿನದು ತೆಗೆದರು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ರುಕಿಯಾ ಜಗಲಿಯಲ್ಲೇ ನಿಂತು ಗಂಡನನ್ನು ಕೇಳಿದರು:

"ನಾನಿಲ್ಲದಾಗ ಸುಣ್ಣ ಬಳಿಸಿದ್ರಾ?"

"ಯಾರು ಬಳಿಸ್ತಾರೆ? ಅದೇ ಗೋಡೆ," ಎಂದರು ಕುಂಞಿ ಮೋನು.

ತಲೆಗೆ ಹಾಕುವ ಶಾಲು ಬೆಳ್ಳಗಿತ್ತು. ಬಕೆಟು ಹಸಿರಲ್ಲ, ನೀಲಿ. ಗಂಡನ ಗಡ್ಡ ಕೂಡ ಅಂದುಕೊಂಡದ್ದಕ್ಕಿಂತ ಹೆಚ್ಚು ಹಣ್ಣಾಗಿತ್ತು. "ನನಗೆ ಖುಷಿ ಆಗ್ಬೇಕಿತ್ತು. ಆಗಿದ್ದು ಹೆದರಿಕೆ," ಎನ್ನುತ್ತಾರೆ ರುಕಿಯಾ. ಗೋಣಿಯಲ್ಲಿ ಉಳಿದಿದ್ದ ಹಳೆಯ ಗೊಂಡೆಗಳನ್ನು ಸುರಿದು ನೋಡಿದರು. ಬೂದಿಯ ನಡುವೆ ನಸುನೀಲಿ, ಕೆನೆಯೊಳಗೆ ಹಳದಿ. ಇಂಥವು ಎಷ್ಟು ಮನೆಗೆ ಹೋಗಿವೆಯೋ. ಅವರೆಲ್ಲ ನೋಡಿಯೂ ಸುಮ್ಮನಿದ್ದರೇ? ಬಡವಳೆಂದು ಬಿಟ್ಟರೇ? ಅಥವಾ ಅವರಿಗೂ ಕಾಣಲಿಲ್ಲವೇ? ಯಾವುದೆಂದು ತಿಳಿಯದೆ ಆ ವಾರ ಅವರು ಹಲಗೆ ಮುಟ್ಟಲಿಲ್ಲ.

ಆಮೇಲೆ ಒಂದು ನಿರ್ಧಾರ ಮಾಡಿದರು. ಸಮನ್ವಿತಾರ ಝಾಲರಿಯನ್ನು ಮೊದಲಿಂದ ಮತ್ತೆ ಕಟ್ಟುವುದು. ಅಂಗಡಿಯಿಂದ ಹೊಸ ನೂಲು ತರಿಸಿ, ಬಲಗಣ್ಣಿನಿಂದ ಪ್ರತಿ ಲಡಿಯನ್ನೂ ಹೊಂದಿಸಿ, ಅಂಚಿನುದ್ದಕ್ಕೂ ಒಂದೇ ದಂತದ ಬಣ್ಣ ಬರುವಂತೆ ಕಟ್ಟಿದರು. ಚೀಲದಲ್ಲಿ ತುಂಬಿಕೊಂಡು ಪುತ್ತೂರಿಗೆ ಒಬ್ಬರೇ ಹೋದರು.

ಬಾಗಿಲು ತೆರೆದ ಸಮನ್ವಿತಾ ಹೊಸ ಝಾಲರಿಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದರು.

"ಚಂದ ಉಂಟು ರುಕಿಯಕ್ಕ. ಆದ್ರೆ ನಂಗೆ ಹಳೆಯದೇ ಇರ್ಲಿ."

"ಅದು ತಪ್ಪಿದ್ದಲ್ವಾ ಅಕ್ಕ?"

"ತಪ್ಪಿದ್ದೇ. ಮೊದಲ ದಿನ ನಂಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬೆಳಿಗ್ಗೆ ಬಿಸಿಲು ಬೀಳುವಾಗ ಅದು ಒಂದು ಥರ, ಸಂಜೆಗೆ ಇನ್ನೊಂದು ಥರ. ಮನೆಗೆ ಬಂದವರೆಲ್ಲ ಎಲ್ಲಿ ಸಿಕ್ಕಿತು ಅಂತ ಕೇಳ್ತಾರೆ."

ಒಳಗೆ ಸೋಫಾದಲ್ಲಿದ್ದ ಶಂಕರಿ ಮಾತ್ರ, "ನನಗೆ ಇಷ್ಟ ಇಲ್ಲಪ್ಪ. ಬಟ್ಟೆ ಸರಿಯಾಗಿ ಒಗೆಯದ ಹಾಗೆ ಕಾಣ್ತದೆ," ಎಂದರು. ಅತ್ತೆ ಸೊಸೆ ಇಬ್ಬರೂ ನಕ್ಕರು. ರುಕಿಯಾಗೆ ಯಾರ ಜತೆ ನಗುವುದೆಂದು ತಿಳಿಯಲಿಲ್ಲ. ಪರದೆಯನ್ನು ಅವರು ಮೊದಲ ಬಾರಿಗೆ ನೆಟ್ಟಗೆ ನೋಡಿದ್ದು ಆಗಲೇ. ಮೂರು ಬಣ್ಣಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂದು ಹೇಳಲಾಗದಂತೆ ಒಂದರೊಳಗೊಂದು ಸೇರಿದ್ದವು. ಚಂದವೇ ಇತ್ತು. ಅದನ್ನು ಕಟ್ಟಿದವಳು ತಾನೆಂದು ಮಾತ್ರ ಅನ್ನಿಸಲಿಲ್ಲ.

ಸ್ವಲ್ಪ ದಿನಕ್ಕೆ ಹಕೀಮ್ ಬಂದ. ಸುಳ್ಯದ ಒಂದು ಮನೆಯವರಿಗೆ ಬೇಕಂತೆ, ಪುತ್ತೂರಿನಲ್ಲೇ ಇನ್ನೆರಡು ಮನೆಯವರಿಗೆ ಬೇಕಂತೆ, ಅದೇ ಥರದ ಕಲಸಿದ ಝಾಲರಿ. "ಮಾಮಿ, ಹಾಗೇ ಮಾಡಿ, ಬೇರೆಂತ ಮಾಡ್ಬೇಡಿ."

ಮಾಡಲು ಹೋದರೆ ಆಗಲಿಲ್ಲ. ಬೇಕೆಂದೇ ಕಲಸಿದರೆ ಬಿಳಿ, ಹಳದಿ, ಬಿಳಿ, ಹಳದಿ ಎಂದು ಪಟ್ಟೆ ಬರುತ್ತಿತ್ತು. ಕಣ್ಣು ಮುಚ್ಚಿ ಲಡಿ ಎತ್ತಿದರೆ ಕಸದಂತೆ ಕಾಣುತ್ತಿತ್ತು. ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದರು. ಒಂದು ಬೆಳಿಗ್ಗೆ ಬಲಗಣ್ಣಿಗೆ ಮದ್ದು ಬಿಟ್ಟು ಅದನ್ನು ಮುಚ್ಚಿಕೊಂಡಿದ್ದಾಗ ಎಡಗಣ್ಣಿನಿಂದಲೇ ನೂಲು ಆರಿಸಿದರು. ಅದು ಸರಿಯಾಯಿತು. ಪೊರೆಗಣ್ಣಿಗೆ ಒಂದೇ ಎಂದು ಕಂಡ ಲಡಿಗಳನ್ನು ಕಟ್ಟಿ, ಒಳ್ಳೆಯ ಕಣ್ಣಿನಿಂದ ನೋಡಿದಾಗ ಸಮನ್ವಿತಾರ ಪರದೆಯಲ್ಲಿದ್ದದ್ದೇ ಅಲ್ಲಿತ್ತು.

ಅಂದಿನಿಂದ ಅವರು ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡತೊಡಗಿದರು. ಕುಂಞಿ ಮೋನುಗೆ ಇದು ಹಿಡಿಸಲಿಲ್ಲ. "ಕಾಣುವ ಕಣ್ಣು ಕಟ್ಟಿ ಕಾಣದ ಕಣ್ಣಲ್ಲಿ ದುಡಿಯುದು, ಇದು ಯಾವ ಸೀಮೆಯ ಬುದ್ಧಿ?" ಅಷ್ಟರಲ್ಲಿ ಎಡಗಣ್ಣಿನ ಆಪರೇಷನ್‌ಗೂ ಕರೆ ಬಂತು. ಹಕೀಮ್ ತಲೆ ಕೆರೆದುಕೊಂಡು, "ಮಾಮಿ, ಈ ಮೂರು ಮನೆಯದ್ದು ಮುಗಿದ ಮೇಲೆ ಮಾಡಿಸಿದ್ರೆ ಆಗ್ಲಿಕ್ಕಿಲ್ವಾ?" ಎಂದ. ಆತ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ರುಕಿಯಾ ಈಗಲೂ ಅವನ ಪರ ಮಾತಾಡುತ್ತಾರೆ. ಆಪರೇಷನನ್ನು ಮುಂದಕ್ಕೆ ಹಾಕಿದ್ದು ತಾನೇ ಎನ್ನುತ್ತಾರೆ. ಆ ಕಣ್ಣಿನ ಪೊರೆ ಹೋದರೆ ಈ ಕೆಲಸವೂ ಹೋಗುತ್ತದೋ ಏನೋ ಎಂಬ ಭಯ ಅವರದು.

ಒಂದು ಮಧ್ಯಾಹ್ನ, ಬಟ್ಟೆ ಕಟ್ಟಿಕೊಂಡೇ ಝಾಲರಿಯನ್ನು ಆವಿಗೆ ಹಿಡಿಯಲು ಹೋದಾಗ ಕೆಟಲಿನ ಮೂತಿ ಎಲ್ಲಿದೆಯೆಂದು ಅಂದಾಜಾಗಲಿಲ್ಲ. ಬಿಸಿನೀರು ಮುಂಗೈ ಮೇಲೆ ಮಗುಚಿತು. ಕುಂಞಿ ಮೋನು ಓಡಿಬಂದು ಕೈಯನ್ನು ತಣ್ಣೀರಿನಲ್ಲಿ ಹಿಡಿದರು. ಬೈಯಲಿಲ್ಲ. ಕಣ್ಣಿನ ಬಟ್ಟೆಯನ್ನು ಬಿಚ್ಚಿ, "ನಿನ್ನ ಕೈಗೆ ಎಂತಾದ್ರೂ ಆದ್ರೆ ಯಾವ ಬಣ್ಣ ಇದ್ದು ಎಂತ ಮಾಡುದು?" ಎಂದಷ್ಟೇ ಕೇಳಿದರು.

ಮರುದಿನ ರುಕಿಯಾ ಹಕೀಮ್‌ಗೆ ಫೋನು ಮಾಡಿದರು. ಎಡಗಣ್ಣಿನ ಪೊರೆ ತೆಗೆಸುತ್ತೇನೆ, ಬರುವ ವಾರ. ಇನ್ನು ಮುಂದೆ ಬೇಕಾದ ಹಾಗೆ ಕಲಸಲು ಬರುತ್ತದೋ ಇಲ್ಲವೋ ಗೊತ್ತಿಲ್ಲ, ಗಿರಾಕಿಗಳಿಗೆ ಹಾಗೇ ಹೇಳು ಎಂದರು. ಹಕೀಮ್, "ಕಾರು ತರ್ತೇನೆ, ಬಸ್ಸಲ್ಲಿ ಹೋಗ್ಬೇಡಿ," ಎಂದ.

ಆ ವಾರ ಬರಲು ಇನ್ನು ಕೆಲವೇ ದಿನ. ಮುಂಗೈಯ ಗಾಯ ಒಣಗುತ್ತಿದೆ. ಕಡಬದ ಕಡೆಯಿಂದ ಮೊದಲ ಬಸ್ಸಿನ ಹಾರನ್ ಕೇಳಿಸುತ್ತದೆ. ಚಹಾ ತಂದಿಟ್ಟ ಕುಂಞಿ ಮೋನು ಪಕ್ಕದಲ್ಲಿ ಕೂರುತ್ತಾರೆ. ಮತ್ತೆ ಆ ಥರ ಕಟ್ಟಲು ಬಾರದಿದ್ದರೆ ಎಂಬ ಅಳುಕು ಹೋಗಿದೆಯೇ ಎಂದು ಕೇಳಿದರೆ ರುಕಿಯಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಅದು ಹೋಗ್ಲಿಕ್ಕಿಲ್ಲ. ಆ ಝಾಲರಿ ಚಂದ ಆದದ್ದು ಹೇಗೆ ಅಂತ ನಂಗೆ ಈಗಲೂ ಗೊತ್ತಿಲ್ಲ. ಜನ ಹೊಗಳುವಾಗ ಬೇರೆ ಯಾರಿಗೋ ಹೇಳಿದ ಹಾಗೆ ಆಗ್ತದೆ," ಎಂದು ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. "ಎರಡೂ ಕಣ್ಣಲ್ಲಿ ಸರಿ ನೋಡಿ ಒಂದು ಪರದೆಗೆ ಕಟ್ಟಬೇಕು ಅಂತ ಉಂಟು. ಅದು ಹಾಳಾದ್ರೂ ತೊಂದರೆ ಇಲ್ಲ. ನಾನೇ ಹಾಳು ಮಾಡಿದ್ದು ಅಂತ ಹೇಳುವ ಹಾಗಾದ್ರೂ ಇರ್ತದಲ್ಲ."