ಗೋಣ್ಮುರುಕ ಬಂದ ಯುಗಾದಿ

ಆ ಬೇಸಿಗೆಯಲ್ಲಿ ನಾನು ಕಣ್ಣಾರೆ ಕಂಡದ್ದು ಎಷ್ಟು, ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಕಂಡಂತಾದದ್ದು ಎಷ್ಟು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಎರಡನ್ನೂ ಬೇರ್ಪಡಿಸಲಾರೆ. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದೆ. ಕೂದಲಿನ ಒಂದು ಎಳೆ ಕೊಟ್ಟರೆ ಅದು ಯಾವ ಪ್ರಾಣಿಯದೆಂದು ಹೇಳುವುದನ್ನೂ ಕಲಿತೆ. ನಮ್ಮ ನಾಯಿ ಕೆಂಚನ ಬಾಯಿಗೆ ಅಂಟಿದ್ದ ಬಿಳಿಯ ಎಳೆ ಉಣ್ಣೆಯೋ ಬೂರುಗದ ಹತ್ತಿಯೋ ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ಟೀ ಕುಡಿಯುತ್ತಿದ್ದಾಗ ಪಕ್ಕದ ಹುಡುಗ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಕೆ.ಆರ್. ಪೇಟೆ ಕಡೆ ಎಲ್ಲೋ ಕೊಟ್ಟಿಗೆಯಲ್ಲಿ ಕುರಿಗಳು ಸತ್ತು ಬಿದ್ದಿದ್ದವು. "ರಕ್ತ ಈರ್ಬುಟ್ಟು ಮಾಂಸ ಅಂಗೇ ಬುಟ್ಟೋಗೈತೆ ಕಣಣ್ಣ. ನಾಯಿ ಅಲ್ಲ, ಚಿರತೆ ಅಲ್ಲ, ಇನ್ನೇನೋ" ಎಂದ. ನಾನು ಅರ್ಧ ಟೀ ಬಿಟ್ಟು ಎದ್ದೆ.

ಆಗೆಲ್ಲ ನಮ್ಮೂರಿಗೆ ಬೇಸಿಗೆ ಬರುತ್ತಿದ್ದದ್ದು ಹುಣಸೆಹಣ್ಣಿನ ವಾಸನೆಯೊಂದಿಗೆ. ನಾಗಮಂಗಲ ತಾಲ್ಲೂಕಿನ ಸಣ್ಣ ಊರು. ಮನೆ ಮುಂದೆ ನಿಂತರೆ ಆದಿಚುಂಚನಗಿರಿಯ ಬೆಟ್ಟ ದೂರದಲ್ಲಿ ಮಸುಕಾಗಿ ಕಾಣುತ್ತಿತ್ತು. ಜಗಲಿ ಜಗಲಿಯ ಮೇಲೂ ಹೆಂಗಸರು ಮರದ ಕೊಡತಿ ಹಿಡಿದು ಹುಣಸೆ ಕುಟ್ಟುವರು. ಬೀಜ ನಮಗೆ. ಒಂದಷ್ಟು ಚೌಕಾಬಾರಕ್ಕೆ, ಉಳಿದದ್ದು ಹುರಿದು ಜೇಬಿಗೆ. ಊರ ಬಾಗಿಲಿನ ಬೂರುಗದ ಮರದ ಕಾಯಿ ಒಡೆದು ಹತ್ತಿ ಬೀದಿ ತುಂಬ ಹಾರಾಡುತ್ತಿತ್ತು.

ಕೆಂಚ ನಮ್ಮ ಮನೆಯ ನಾಯಿ, ಆದರೆ ನಮ್ಮದಲ್ಲ. ನಾನು ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡವಂತೆ. ಮಗು ಉಳಿದರೆ ನಿನ್ನ ಹೆಸರಲ್ಲಿ ಒಂದು ನಾಯಿ ಸಾಕುತ್ತೇನೆ ಎಂದು ಅಜ್ಜಿ ಬೆಟ್ಟದ ಭೈರವನಿಗೆ ಹರಸಿಕೊಂಡಳು. ನಾಯಿ ಭೈರವನ ವಾಹನ. ಹಾಗೆ ಬಂದವನು ಕೆಂಚ. ಅಮಾವಾಸ್ಯೆಯ ದಿನ ಒಲೆಯಿಂದಿಳಿದ ಮೊದಲ ಮುದ್ದೆ ಅವನಿಗೆ, ಆಮೇಲೆ ಗಂಡಸರಿಗೆ. ಅವನ ಮೇಲೆ ಊರಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲ.

ಯುಗಾದಿಗೆ ಇನ್ನೂ ತಿಂಗಳಿರುವಾಗ ಎದುರು ಮನೆಯ ಚಿಕ್ಕತಾಯಕ್ಕನ ಒಂದು ಕುರಿ ಬೆಳಿಗ್ಗೆ ಕೂಡಿಹಾಕುವ ತಟ್ಟಿಯೊಳಗೆ ಸತ್ತು ಬಿದ್ದಿತ್ತು. ಗಂಡ ತೀರಿದ ಮೇಲೆ ಐದು ಕುರಿ ಸಾಕಿಕೊಂಡು, ಮರಿ ಮಾರಿ ಮಗಳನ್ನು ಓದಿಸುತ್ತಿದ್ದವಳು ಅವಳು. ಕುರಿಯ ಕತ್ತಿನಲ್ಲಿ ಎರಡು ತೂತು. ಮಾಂಸ ಮುಟ್ಟಿರಲಿಲ್ಲ, ನೆಲದಲ್ಲಿ ರಕ್ತವಿರಲಿಲ್ಲ. ವಾರ ಕಳೆದು ಇನ್ನೊಂದು ಸತ್ತಿತು.

ಹೆಸರನ್ನು ತಂದದ್ದು ಬಸ್ಸು. ಪಾಂಡವಪುರ ಕಡೆಯಿಂದ ಬಂದ ಯಾರೋ ಇದು ಗೋಣ್ಮುರುಕ ಎಂದರು, ಮುಖ ಕೋತಿಯದು ಎಂದರು. ಕೆ.ಆರ್. ಪೇಟೆ ಸಂತೆಗೆ ಹೋದವರು ಅದು ಆಳೆತ್ತರದ ಗೋಡೆ ಹಾರುತ್ತದೆಂದು ಸೇರಿಸಿದರು. ಹಿಂಗಾಲು ತಿರುವುಮುರುವಾಗಿವೆ ಎಂಬುದು ಬಹುಶಃ ನಮ್ಮೂರಿನದೇ ಕಾಣಿಕೆ. ಮಕ್ಕಳು ನಾವು ಅದನ್ನೇ ಆಟ ಮಾಡಿಕೊಂಡೆವು. ಒಬ್ಬ ಗೋಣ್ಮುರುಕ, ಉಳಿದವರು ಕುರಿ. ಹಿಂದಿನಿಂದ ಬಂದು ಕತ್ತಿಗೆ ಎರಡು ಬೆರಳು ಒತ್ತಿದರೆ ಸತ್ತ ಹಾಗೆ. ನಾನು ಬೇಗ ಸಾಯುತ್ತಿರಲಿಲ್ಲ.

ಮೂರನೆಯದು ಸತ್ತ ಬೆಳಿಗ್ಗೆ ಕೆಂಚ ಹಿತ್ತಲಿನಿಂದ ಬಂದ. ಬಾಯಿಯ ಅಂಚಿಗೆ ಬಿಳಿಯದೇನೋ ಅಂಟಿತ್ತು. ನಾನು ಅಂಗಿಯ ತುದಿಯಿಂದ ಒರೆಸಿದೆ. ಅವನು ನನ್ನ ಕೈ ನೆಕ್ಕಿದ. ಇಷ್ಟು ನಿಜ. ಇಷ್ಟಾದರೂ ನಿಜವೆಂದು ಇಟ್ಟುಕೊಂಡಿದ್ದೇನೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಂಚನ ಗತಿಯೇನು? ಹೇಳದಿದ್ದರೆ ಚಿಕ್ಕತಾಯಕ್ಕನ ಕುರಿಗಳ ಗತಿಯೇನು? ದಿನಾ ಶಾಲೆಯಿಂದ ಬಂದವನೇ ಅವಳ ತಟ್ಟಿಯೊಳಗೆ ಇಣುಕುತ್ತಿದ್ದೆ.

ಯುಗಾದಿಯ ಹಿಂದಿನ ವಾರ ನಾಲ್ಕನೆಯದೂ ಸತ್ತಿತು. ಚಿಕ್ಕತಾಯಕ್ಕ ಅಳಲಿಲ್ಲ. ಅಜ್ಜಿ ತಂದುಕೊಟ್ಟ ಮುದ್ದೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ಸತ್ತ ಕುರಿಯ ಕಿವಿಯನ್ನು ಬೆರಳಲ್ಲಿ ಮಡಚುತ್ತ, ಬಿಡಿಸುತ್ತ ಕೂತಿದ್ದಳು. ಸುತ್ತ ಜನ ನಿಂತಿದ್ದರು. ನನ್ನ ಬಾಯಿಂದ ಹೊರಟೇ ಹೋಯಿತು: "ಕೆಂಚನ ಬಾಯಾಗೆ ಉಣ್ಣೆ ಇತ್ತು."

ಎಲ್ಲರೂ ತಿರುಗಿದರು. ಅಪ್ಪ ಮಾತನ್ನು ಅಲ್ಲಿಗೇ ಮುಗಿಸಲು ನೋಡಿದರು. "ಬೂರುಗದ ಅತ್ತಿ ಊರ್ತುಂಬ ಆರಾಡ್ತೈತೆ. ಅದ್ನೇ ಕಂಡವ್ನೆ, ಬುಡಿ."

ಊರ ಯಜಮಾನ ನಿಂಗೇಗೌಡರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಸರ್ಯಾಗಿ ಏಳ್ಲಾ ಮಗ. ಬರೀ ಉಣ್ಣೇನಾ?"

ಅಷ್ಟೊಂದು ದೊಡ್ಡವರು ನನ್ನ ಮಾತಿಗೆ ಕಾದು ನಿಂತದ್ದು ಅದೇ ಮೊದಲು. ಬೂರುಗದ ಹತ್ತಿಯೆಂದು ಅವರು ನಕ್ಕುಬಿಟ್ಟರೆ ಎಂಬ ಭಯ ಬೇರೆ. "ರಕ್ತಾನೂ ಇತ್ತು" ಎಂದೆ.

ರಕ್ತವಿತ್ತೇ? ಆ ಬೆಳಗನ್ನು ನೂರು ಸಲ ನೆನೆಸಿಕೊಂಡಿದ್ದೇನೆ. ಕೆಲವು ಸಲ ನನ್ನ ಅಂಗಿಯ ತುದಿ ಕೆಂಪಗಿರುತ್ತದೆ, ಕೆಲವು ಸಲ ಇರುವುದಿಲ್ಲ.

ಭೈರವನ ನಾಯಿಯನ್ನು ಹೊಡೆಯುವಂತಿರಲಿಲ್ಲ. ಅವನದನ್ನು ಅವನಿಗೇ ಒಪ್ಪಿಸಿ ಬನ್ನಿ, ಹಬ್ಬ ಕಳೆಯಲಿ ಎಂದಳು ಅಜ್ಜಿ. ಅಲ್ಲಿಯವರೆಗೆ ಕೆಂಚನನ್ನು ಕಂಬಕ್ಕೆ ಕಟ್ಟಿದರು. ಅಮಾವಾಸ್ಯೆಯ ಮೊದಲ ಮುದ್ದೆ ಅವನಿಗೆ ಕಟ್ಟಿದ ಜಾಗಕ್ಕೇ ಹೋಯಿತು. ಯುಗಾದಿಯ ಮರುದಿನ, ಹೊಸತೊಡಕಿನಂದು, ಊರವರು ಕೂಡಿ ಕಡಿದ ಗುಡ್ಡೆಮಾಂಸ ಪಾಲಾಗಿ ಮನೆಮನೆಯಲ್ಲೂ ಮಸಾಲೆಯ ಘಮ. ನಾನು ಬೆರಳು ಚೀಪುತ್ತ ಉಂಡು, ಮೂಳೆಗಳನ್ನು ಕೆಂಚನಿಗೆ ಹಾಕಿದೆ. ಮರುದಿನ ಅಪ್ಪ ಅವನನ್ನು ಜಲ್ಲಿ ತರಲು ಹೊರಟಿದ್ದ ಟ್ರಾಕ್ಟರಿನಲ್ಲಿ ಕೂರಿಸಿಕೊಂಡು ಹೋಗಿ, ಬೆಟ್ಟದ ಬುಡದಲ್ಲಿ ಕಟ್ಟಿ, ಕೈಮುಗಿದು ಬಂದರು.

ಐದು ದಿನ ಒಂದು ಕುರಿಯೂ ಸಾಯಲಿಲ್ಲ. ನೋಡಿದ್ರಾ, ಹುಡುಗ ಹೇಳಿದ್ದು ಸುಳ್ಳಲ್ಲ ಎಂದರು ಜನ. ಬೀದಿಯಲ್ಲಿ ನನಗೆ ಒಂದು ಬೆಲೆ ಬಂದಿತ್ತು.

ಆರನೆಯ ದಿನ ಮಧ್ಯಾಹ್ನ ಜಗಲಿಯ ಮೇಲೆ ಹುಣಸೆಬೀಜ ಬಿಡಿಸುತ್ತಿದ್ದೆ. ಕೆಂಚ ಬಂದ. ಕತ್ತಿನಲ್ಲಿ ಕಡಿದ ಹಗ್ಗದ ತುಂಡು, ಅಂಗಾಲು ಸುಲಿದು ಹೋಗಿತ್ತು. ನೇರ ನನ್ನ ಹತ್ತಿರ ಬಂದು ಹುಳಿ ಮೆತ್ತಿದ ಕೈ ನೆಕ್ಕಿ, ಜಗಲಿಯ ಪಕ್ಕದ ಗಾಡಿಯ ಕೆಳಗೆ ನುಸುಳಿ ಮಲಗಿದ.

ಅಷ್ಟು ದೂರದಿಂದ ದಾರಿ ಹುಡುಕಿಕೊಂಡು ಮನೆಗೆ ಬಂದಿದ್ದಾನೆ ಎಂದು ಒಬ್ಬರೂ ಅನ್ನಲಿಲ್ಲ. ನಿಂಗೇಗೌಡರು ಗಾಡಿಯ ಕೆಳಗೆ ಬಗ್ಗಿ ನೋಡಿದರು. "ಭೈರವ ಒಲ್ಲೆ ಅಂದವ್ನೆ. ಅವನೇ ಬ್ಯಾಡ ಅಂದ ಮ್ಯಾಲೆ ಇದು ನಾಯಿ ಅಲ್ಲ ಕಣವ್ವ" ಎಂದು ಅಜ್ಜಿಗೆ ಹೇಳಿದರು. ಒಪ್ಪಿಸಿದ್ದನ್ನು ದೇವರು ಹಿಂದಕ್ಕೆ ಕಳಿಸಿದರೆ ಅದು ಅವನದಲ್ಲ. ಅಜ್ಜಿ ಬಾಳೆಲ್ಲ ನಂಬಿದ್ದ ಮಾತು ಅದು.

ನಾಲ್ಕಾರು ಗಂಡಸರು ಸೇರಿದರು. ಯಾರು ಕರೆದರೂ ಕೆಂಚ ಹೊರಗೆ ಬರಲಿಲ್ಲ, ಹಲ್ಲು ತೋರಿಸಿದ. ಕೊನೆಗೆ ಅವರು ನನ್ನನ್ನು ನೋಡಿದರು.

"ನೀ ಕರುದ್ರೆ ಬತ್ತದೆ. ಕರಿ ಮಗ."

ಅಪ್ಪನ ಮುಖ ನೋಡಿದೆ. ಅವರು ಬೆಟ್ಟದ ಕಡೆ ತಿರುಗಿಕೊಂಡರು. ಅಜ್ಜಿ ಒಳಗೆ ಹೋಗಿ ಮುದ್ದೆ ಮುರಿದು ಎಲೆಯ ಮೇಲೆ ತಂದಿಟ್ಟಳು. ಅವತ್ತು ಅಮಾವಾಸ್ಯೆಯಲ್ಲ.

ನಾನು ಕರೆದೆ. ಕೆಂಚ ಬಾಲ ಅಲ್ಲಾಡಿಸುತ್ತ ಬಂದು ಮುದ್ದೆ ತಿಂದ. ಎಲೆಯನ್ನೂ ನೆಕ್ಕಿದ. ಆಮೇಲೆ ಅವನನ್ನು ಕಣಕ್ಕೆ ಎಳೆದುಕೊಂಡು ಹೋದರು. ಹೋಗುವಾಗ ಜಗಲಿಯ ಮೇಲಿದ್ದ ಹುಣಸೆ ಕುಟ್ಟುವ ಕೊಡತಿಗಳನ್ನು ಎತ್ತಿಕೊಂಡರು. ನಾನು ಒಳಮನೆಯಲ್ಲಿ ಕೂತು ಕೇಳಿದೆ. ದಿನಾ ಕೇಳುವ ಸದ್ದಿನಂತೆಯೇ ಇತ್ತು.

ಆಮೇಲೆ ಗೋಣ್ಮುರುಕ ನಮ್ಮೂರಿಗೆ ಬರಲಿಲ್ಲ. ಅದು ನಾಯಿಯ ಮೈಯಲ್ಲಿ ಸೇರಿತ್ತು ಎಂಬಲ್ಲಿಗೆ ಕತೆ ನಿಂತಿತು. ಅಜ್ಜಿ ಪ್ರತಿ ಅಮಾವಾಸ್ಯೆಗೂ ಮೊದಲ ಮುದ್ದೆಯನ್ನು ಜಗಲಿಯ ತುದಿಗೆ ಇಡುತ್ತಲೇ ಇದ್ದಳು. ಕಾಗೆಗಳು ತಿನ್ನುತ್ತಿದ್ದವು.

ಎಷ್ಟೋ ವರ್ಷಗಳ ಮೇಲೆ ಮೈಸೂರಿನಿಂದ ರಜೆಗೆ ಬಂದವನು ನನ್ನ ವಿದ್ಯೆಯನ್ನು ಅಜ್ಜಿಯ ಮುಂದೆ ಬಿಚ್ಚಿದೆ. ಕುರಿಯ ರಕ್ತ ಹೀರಿ ಮಾಂಸ ಬಿಡುವ ಪ್ರಾಣಿ ಇಲ್ಲವೇ ಇಲ್ಲ. ಕತ್ತಿಗೆ ಕಚ್ಚಿದರೆ ರಕ್ತ ಚರ್ಮದ ಒಳಗೇ ನಿಲ್ಲಬಹುದು. ಚಿರತೆ ಆಗಿರಬಹುದು, ಬೀಡಾಡಿ ನಾಯಿಗಳಾಗಿರಬಹುದು. ಗೋಣ್ಮುರುಕ ಬರೀ ಸುಳ್ಳು ಎಂದೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅದ್ ಸರಿ ಕಣಪ್ಪ. ಅವತ್ತು ರಕ್ತ ಇತ್ತಾ?"

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಮತ್ತೆ ಕೇಳಲಿಲ್ಲ.

ಈಗ ಅಜ್ಜಿಯಿಲ್ಲ, ಅಪ್ಪನಿಲ್ಲ. ಬೂರುಗದ ಮರವನ್ನು ರಸ್ತೆಗೆಂದು ಕಡಿದರು. ಚಿಕ್ಕತಾಯಕ್ಕನ ತಟ್ಟಿ ಇದ್ದಲ್ಲಿ ಯಾರದೋ ಬೈಕು ನಿಲ್ಲುತ್ತದೆ. ಹುಣಸೆಬೀಜ ಹುರಿದ ವಾಸನೆ ನನಗೆ ಇನ್ನೂ ಆಗುವುದಿಲ್ಲ. ನೀನು ಕಂಡದ್ದು ಸರಿ ಅಥವಾ ತಪ್ಪು ಎಂದು ಹೇಳಬಲ್ಲವರು ಒಬ್ಬರೂ ಉಳಿದಿಲ್ಲ. ನನ್ನ ನೆನಪನ್ನು ನಾನೇ ಕಾಯಬೇಕು, ನಾನೇ ಅನುಮಾನಿಸಬೇಕು.

ಆ ವಿಡಿಯೋ ನೋಡಿದ ವಾರವೇ ಊರ ಕಡೆ ಹೋದೆ. ಹೋಬಳಿಯ ಪಶು ಆಸ್ಪತ್ರೆಯಲ್ಲಿ ಹಳೆಯ ಪುಸ್ತಕಗಳ ಕಟ್ಟು ಬಿಚ್ಚಿಸಿ ಕೂತೆ. ಕುರಿಗಳ ಸಾವಿನ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಸಿಕ್ಕಿದ್ದು ಲಸಿಕೆಯ ಪಟ್ಟಿ. ಆ ವರ್ಷದ ಪಂಚಾಂಗ ಹುಡುಕಿ ಯುಗಾದಿಯ ತಾರೀಕಿನೊಂದಿಗೆ ಎರಡು ಸಲ ತಾಳೆ ನೋಡಿದೆ. ಹೊಸತೊಡಕಿನ ಮರುದಿನ, ಅಂದರೆ ಅಪ್ಪ ಕೆಂಚನನ್ನು ಬೆಟ್ಟಕ್ಕೆ ಕರೆದೊಯ್ದ ದಿನವೇ, ಕಾಂಪೌಂಡರು ಕುರಿಗಳಿಗೆ ಲಸಿಕೆ ಹಾಕಲು ನಮ್ಮೂರಿಗೆ ಬಂದಿದ್ದರು. ಆಗ ಹೊಳೆಯಿತು: ಭಯಕ್ಕೆ ಎಲ್ಲರೂ ಅಳಿದುಳಿದ ಕುರಿಗಳನ್ನು ಹಬ್ಬದ ಗುಡ್ಡೆಮಾಂಸಕ್ಕೆ ಕೊಟ್ಟುಬಿಟ್ಟಿದ್ದರು, ಚಿಕ್ಕತಾಯಕ್ಕನ ಐದನೆಯದನ್ನೂ ಸೇರಿಸಿ. ಅವರವರ ಮನೆಯದು ಅವರವರಿಗೆ ಗೊತ್ತಿತ್ತು. ಒಟ್ಟಿಗೆ ಇಟ್ಟು ನೋಡಿದವರಿರಲಿಲ್ಲ. ಕೆಂಚ ದೂರವಿದ್ದ ಐದು ದಿನ ಯಾವ ಕುರಿಯೂ ಸಾಯಲಿಲ್ಲವೆಂಬುದೇ ಅವನ ಮೇಲಿನ ಕೊನೆಯ ಸಾಕ್ಷಿಯಾಗಿತ್ತು. ಪಟ್ಟಿಯಲ್ಲಿ ನಮ್ಮೂರ ಹೆಸರಿನ ಮುಂದೆ ಕಾಂಪೌಂಡರ ಅಕ್ಷರ ಸ್ಪಷ್ಟವಾಗಿದೆ: ಊರಿನಲ್ಲಿ ಕುರಿ ಇಲ್ಲ.