ಮಿರ್ಚಿ ಕಾಗದದ ಕಾರು

ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಎಸೆಯಬಾರದೆಂಬುದು ನನ್ನ ಬಹುಕಾಲದ ವ್ರತ. ಚಂದಾ ಕಟ್ಟಿ ಪತ್ರಿಕೆ ತರಿಸಿಕೊಳ್ಳುವವರಿಗೆ ಅಂದಂದಿನ ಸುದ್ದಿ ಮಾತ್ರ ದಕ್ಕುತ್ತದೆ; ಚಳ್ಳಕೆರೆಯ ಸಂಜೆಯಲ್ಲಿ ತಳ್ಳುಗಾಡಿಯ ಮುಂದೆ ನಿಂತು ಮಂಡಕ್ಕಿ ಮಿರ್ಚಿ ತಿನ್ನುವವನಿಗಾದರೋ ಕಾಲಪ್ರವಾಹದಲ್ಲಿ ತೇಲಿ ಉಳಿದ ಸುದ್ದಿ, ಅದೂ ಬಿಸಿಬಿಸಿಯಾಗಿ, ಕೈಸೇರುತ್ತದೆ. ಅರ್ಧ ಹರಿದ ವಧೂವರರ ಅಂಕಣ, ತಲೆಯಿಲ್ಲದ ಮಂತ್ರಿಗಳ ಭಾಷಣ, ಉತ್ತರವಿಲ್ಲದ ಪದಬಂಧ, ಹೀಗೆ ನನ್ನ ಲೋಕಜ್ಞಾನದ ಬಹುಭಾಗ ಎಣ್ಣೆಯಲ್ಲಿ ನೆಂದು ಬಂದದ್ದು. ಮೂರು ತಲೆಮಾರಿನಿಂದ ಶೇಂಗಾ ಎಣ್ಣೆಯ ಗಿರಣಿ ನಡೆಸಿದ ಮನೆತನದವನಾದ್ದರಿಂದ, ಕಾಗದದ ಮೇಲೆ ಹರಡಿದ ಜಿಡ್ಡನ್ನು ನೋಡಿಯೇ ಅದು ನಮ್ಮ ಶೇಂಗಾದ್ದೋ, ಹಡಗಿನಲ್ಲಿ ಬಂದ ತಾಳೆಯದ್ದೋ ಎಂದು ತೀರ್ಪು ಕೊಡಬಲ್ಲೆ. ಗಾಡಿಯವನಿಗೆ ನನ್ನ ಈ ಪಾಂಡಿತ್ಯ ಅಷ್ಟಾಗಿ ಹಿಡಿಸುವುದಿಲ್ಲ.

ಕಳೆದ ತಿಂಗಳು ಹೀಗೆ ಕೈಗೆ ಬಂದ ಕಾಗದದಲ್ಲಿ ಒಂದು ಕಾರಿನ ಚಿತ್ರವಿತ್ತು. ಕಾರೆಂದರೆ ನಾವು ನೀವು ಮದುವೆಗೆ ಬಾಡಿಗೆ ಹಿಡಿಯುವಂಥದಲ್ಲ, ಸೂಪರ್‌ಕಾರು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ನಾಲ್ಕೇ ಬೆರಳು. ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಆಕಾಶಾಭಿಮುಖವಾಗಿ ತೆರೆಯುವಂಥವು. ಇಲಿಯನ್ನು ಕಂಡ ಬೆಕ್ಕು ಮೈ ಕುಗ್ಗಿಸಿ ಕೂತ ಹಾಗೆ ಅದು ಕೂತಿತ್ತು. ಇಂಥದೊಂದನ್ನು ಯಾವುದೋ ದೂರದೇಶದ ಕಂಪನಿಯವರು ಪ್ರದರ್ಶನದಲ್ಲಿಟ್ಟರಂತೆ, ನೋಡಿದವರೆಲ್ಲ ಬಾಯಿ ಬಿಟ್ಟರಂತೆ, ಬಿಟ್ಟ ಬಾಯಿ ಮುಚ್ಚುವುದರೊಳಗೆ ಕಂಪನಿಯವರು “ಇದು ಬರಿಯ ಮಾದರಿ, ಇದನ್ನು ತಯಾರಿಸುವ ಉದ್ದೇಶ ನಮಗಿಲ್ಲ” ಎಂದುಬಿಟ್ಟರಂತೆ. ಕಾರಣವೇನೆಂಬ ಭಾಗ ಮಿರ್ಚಿಯ ಹೊಟ್ಟೆಗೆ ಅಂಟಿಕೊಂಡು, ಗೊತ್ತಾಗುವ ಮೊದಲೇ ನನ್ನ ಹೊಟ್ಟೆ ಸೇರಿತ್ತು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ನನ್ನ ಬಳಿ ಇರುವುದು ಕಿಕ್ ಹೊಡೆದಾಗಲೊಮ್ಮೆ ಹಳೆಯ ಋಣಾನುಬಂಧ ನೆನೆದು ಹೊರಡುವ ಒಂದು ಮೊಪೆಡ್ಡು. ಆ ಕಾರು ತಯಾರಾಗಿದ್ದರೂ ನಮ್ಮ ಸೀಮೆಗೆ ಬರುತ್ತಿರಲಿಲ್ಲ. ಬಂದಿದ್ದರೂ ರಸ್ತೆಯ ಮೊದಲನೆಯ ಹಂಪಿನ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗುತ್ತ ನಿಂತುಬಿಡುತ್ತಿತ್ತು. ಅದನ್ನೂ ದಾಟಿತೆನ್ನಿ, ಸುಗ್ಗಿಯ ಕಾಲದಲ್ಲಿ ಗಾಡಿಗಳ ಚಕ್ರವೇ ಒಕ್ಕಲಿ ಎಂದು ರಸ್ತೆಯ ತುಂಬ ಹುರುಳಿ ಹರವಿರುತ್ತಾರಲ್ಲ, ಅದನ್ನೆಲ್ಲ ಹೊಟ್ಟೆಯಿಂದ ಗುಡಿಸಿಕೊಂಡು ಹೋಗಿ ರೈತರ ಕೈಯಲ್ಲಿ ಬೈಗುಳ ತಿನ್ನುತ್ತಿತ್ತು. ಇಷ್ಟೆಲ್ಲ ತಿಳಿದೂ, ಯಾರೋ ನನಗೇ ಮಾತು ಕೊಟ್ಟು ತಪ್ಪಿದರೆಂಬಂತೆ ನಾನು ಗಾಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ: “ಮಾಡಾಕಾಗಲ್ಲ ಅಂದಮ್ಯಾಲೆ ಯಾಕ್ ತೋರಿಸ್ಬೇಕಿತ್ತು?”

ಗಾಡಿಯವನು ತನ್ನ ಬೋರ್ಡಿನಲ್ಲಿದ್ದೂ ಅಂದು ಮಾಡಿರದ ಈರುಳ್ಳಿ ಬಜ್ಜಿಯ ಬಗ್ಗೆ ಕೇಳುತ್ತಿದ್ದೇನೆಂದು ತಿಳಿದು ಮುಖ ತಿರುಗಿಸಿದ. ಆದರೆ ನಾನು ಅಲ್ಲಿಗೇ ನಾಲಗೆ ಕಚ್ಚಿಕೊಂಡೆ. ಏಕೆಂದರೆ ಇದೇ ಮಾತನ್ನು, ಇದೇ ದನಿಯಲ್ಲಿ, ಒಂದೂವರೆ ವರ್ಷದ ಹಿಂದೆ ಮೊಳಕಾಲ್ಮುರಿನಲ್ಲಿ ನರಸಿಂಹಲುವಿಗೆ ಹೇಳಿದ್ದೆ. ಹೇಳಿ ಅವನ ಮನೆಯ ಹೊಸ್ತಿಲಿಳಿದವನು ಮತ್ತೆ ಹತ್ತಿರಲಿಲ್ಲ.

ನರಸಿಂಹಲು ನನ್ನ ಹೈಸ್ಕೂಲಿನ ಬೆಂಚಿನ ಜೊತೆಗಾರ, ರೇಷ್ಮೆ ಸೀರೆ ನೇಯುವವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಮಿತಭಾಷಿ. ಅವನ ಪಾಲಿನದನ್ನೂ ಸೇರಿಸಿ ನಾನೇ ಮಾತಾಡುವುದೆಂದು ಆಗಲೇ ನಮ್ಮಲ್ಲಿ ಒಪ್ಪಂದವಾದಂತಿತ್ತು. ಮೇಷ್ಟ್ರು ನಮ್ಮನ್ನು ಬ್ರಹ್ಮಗಿರಿಗೆ ಕರೆದೊಯ್ದು ಅಶೋಕನ ಶಾಸನ ತೋರಿಸಿದಾಗ ನಾವೆಲ್ಲ ಬುತ್ತಿಯ ಕಡೆ ನೋಡುತ್ತಿದ್ದರೆ, ಇವನು ಬಂಡೆಯ ಮೇಲಿನ ಅಕ್ಷರಗಳ ನಡುವಿನ ಅಂತರವನ್ನು ಬೆರಳಿನಲ್ಲಿ ಅಳೆಯುತ್ತಿದ್ದ. ಮೇಷ್ಟ್ರು ಒಂದು ವಿಚಿತ್ರ ಹೇಳಿದರು. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಲಿಪಿಕಾರ, ಕೊನೆಯಲ್ಲಿ ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ವಾಯವ್ಯದ ದೂರದ ನಾಡಿನ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದುಬಿಟ್ಟಿದ್ದಾನೆ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ನಾವು ನಕ್ಕೆವು. ನರಸಿಂಹಲು ನಗಲಿಲ್ಲ; ಆ ಜಾಗದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತ.

ಅವನ ಮನೆಗೆ ಹೋದರೆ ನನಗೊಂದು ವಿಶೇಷ ಸ್ವಾಗತವುಂಟು. ಬಾಗಿಲ ಬಳಿಯ ಕಲ್ಲಿನ ಮೇಲೆ ಸದಾ ಒಂದು ಸೋಪಿರುತ್ತದೆ. ಎಣ್ಣೆ ಗಿರಣಿಯವನ ಕೈ ರೇಷ್ಮೆಗೆ ತಾಗಿದರೆ ಸೀರೆ ಹೋದಂತೆಯೇ. ಆದ್ದರಿಂದ ದೇವರ ದರ್ಶನಕ್ಕೆ ಮುನ್ನ ಕಾಲು ತೊಳೆಯುವಂತೆ, ಮಗ್ಗದ ದರ್ಶನಕ್ಕೆ ಮುನ್ನ ನಾನು ಮೊಣಕೈವರೆಗೆ ತೊಳೆದುಕೊಳ್ಳಬೇಕು. “ಸೋಪು ಅಲ್ಲೇ ಐತೆ” ಎಂಬುದೇ ನಲವತ್ತು ವರ್ಷಗಳಿಂದ ಅವನು ನನಗೆ ಹೇಳುತ್ತ ಬಂದ ‘ಬಾರಪ್ಪ, ಚೆನ್ನಾಗಿದ್ದೀಯಾ’.

ಇನ್ನು ನೇಯ್ಗೆಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಮಗ್ಗಕ್ಕೆ ಉದ್ದಕ್ಕೆ ಏರಿಸಿದ ಎಳೆಗಳ ಒಂದು ಹಾಸಿನಲ್ಲಿ ಕೆಲವು ಸೀರೆಗಳಾಗುತ್ತವೆ. ಕೊನೆಯ ಸೀರೆ ಕತ್ತರಿಸಿ ತೆಗೆದ ಮೇಲೂ ಹಾಸಿನ ತುದಿಯಲ್ಲಿ ಗೇಣೋ ಎರಡು ಗೇಣೋ ದಾರ ಉಳಿಯುತ್ತದೆ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಕೂಡಿಸುವವರೆಗೆ ಆ ತುದಿ ಯಾರ ಸೀರೆಯೂ ಅಲ್ಲ. ನರಸಿಂಹಲುವಿನ ಮನೆಯಲ್ಲಿ ಅವನ ತಾತನ ಕಾಲದಿಂದಲೂ ಆ ಗೇಣು ನೇಕಾರನ ಸ್ವಂತದ್ದು. ಅಲ್ಲಿ ಅವನು ತನ್ನ ಮನಸ್ಸಿಗೆ ಬಂದದ್ದನ್ನು ನೇಯಬಹುದು, ಯಾರೂ ಕೇಳುವಂತಿಲ್ಲ. ಹಾಗೆ ನೇಯ್ದ ತುಂಡುಗಳನ್ನು ಅವನು ಬಿಸ್ಕತ್ತಿನ ಒಂದು ಹಳೆಯ ತಗಡಿನ ಡಬ್ಬಿಯಲ್ಲಿಟ್ಟಿದ್ದಾನೆ.

ನನ್ನ ಮಗಳು ಚೈತ್ರಾ ಪರಶುರಾಂಪುರದಲ್ಲಿ ಕುರಿಗಳ ಡಾಕ್ಟರು. ಮದುವೆ ನಿಶ್ಚಯವಾದಾಗ ಸೀರೆ ನೋಡಲೆಂದು ಅವಳನ್ನು ನರಸಿಂಹಲುವಿನಲ್ಲಿಗೆ ಕರೆದೊಯ್ದೆ. ಮಾವು, ನವಿಲು, ಗೋಪುರದಂಚುಗಳ ನಡುವೆ ಅವಳ ಕಣ್ಣು ಹೋಗಿ ಬಿದ್ದದ್ದು ಆ ಡಬ್ಬಿಯ ಮೇಲೆ. ಅದರೊಳಗಿನ ಒಂದು ತುಂಡಿನ ಮೇಲೆ. ಎರಡು ಗೇಣು ಹಸಿರು ರೇಷ್ಮೆ, ಅದರಲ್ಲಿ ಓಡುತ್ತಿರುವ ಐದು ಕೃಷ್ಣಮೃಗಗಳು. ಕುದಾಪುರದ ಹುಲ್ಲುಗಾವಲಿನಲ್ಲಿ ಈಗ ವಿಜ್ಞಾನಿಗಳ ಗೋಡೆಗಳೆದ್ದಿವೆ. ಗೋಡೆಗಳು ಏಳುವ ಮೊದಲು ನಾನೂ ನರಸಿಂಹಲುವೂ ಸೈಕಲ್ ನಿಲ್ಲಿಸಿ ನೋಡಿದ್ದ ಜಿಂಕೆಗಳು ಇವು. ಸೀರೆಯ ಚಿತ್ತಾರವೆಂದರೆ ಒಂದರಂತೆ ಇನ್ನೊಂದು. ಇಲ್ಲಿ ಹಾಗಲ್ಲ, ಐದೂ ಬೇರೆ. ಒಂದರ ಕಾಲು ನೆಲದಲ್ಲಿ, ಒಂದು ಗಾಳಿಯಲ್ಲಿ, ಒಂದರ ಕೊಂಬು ಹಿಂದಕ್ಕೊರಗಿದೆ. ಚೈತ್ರಾ ಅದನ್ನು ತೊಡೆಯ ಮೇಲೆ ಹರವಿಕೊಂಡು ಕೂತಳು. ಕುರಿಯ ಕಾಲುಗಳನ್ನು ದಿನವೂ ಹಿಡಿದು ನೋಡುವ ಹುಡುಗಿ. ಕಾಲುಗಳು ಸರಿಯಾಗಿವೆಯೆಂದು ಅವಳಿಗೆ ಗೊತ್ತಾಗಿತ್ತು.

ಅವಳು ಅಷ್ಟೇ ಮಾಡಿದ್ದು. ಮಿಕ್ಕಿದ್ದನ್ನೆಲ್ಲ ಮಾಡಿದ್ದು ನಾನು. ನರಸಿಂಹಲುವನ್ನು ಒಂದು ಮಾತೂ ಕೇಳದೆ, ಮಗಳ ಧಾರೆಗೆ ಜಿಂಕೆಯ ಸೀರೆಯೆಂದು ಗಿರಣಿಯಲ್ಲಿ ಹೇಳಿದೆ, ಬೀಗರಿಗೆ ಫೋನು ಮಾಡಿದೆ, ಮಿರ್ಚಿ ಗಾಡಿಯ ಮುಂದೆ ನಿಂತು ವರ್ಣಿಸಿದೆ. ನನ್ನ ವರ್ಣನೆಯಲ್ಲಿ ಐದು ಜಿಂಕೆ ಹದಿನೈದು ದಿನದಲ್ಲಿ ಐನೂರಾಗಿದ್ದವು. ಬೀಗರ ಕಡೆಯ ಹೆಂಗಸರು ಆ ಸೀರೆಯನ್ನು ನೋಡಲೆಂದೇ ಒಂದು ದಿನ ಮುಂಚೆ ಬರುವುದಾಗಿ ಹೇಳಿ ಕಳಿಸಿದ ಮೇಲೆ, ಸುದ್ದಿ ಊರೂರು ಸುತ್ತಿ ಕಟ್ಟಕಡೆಗೆ ನೇಯಬೇಕಾದವನ ಕಿವಿಗೆ ಬಿತ್ತು.

ಅವನು ಆಗುವುದಿಲ್ಲವೆಂದು ಹೇಳಿಕಳಿಸಿದ. ನಾನು ಮೊಪೆಡ್ಡಿನಲ್ಲಿ ಮೊಳಕಾಲ್ಮುರಿಗೆ ಧಾವಿಸಿದೆ. ಒಂದೊಂದು ಜಿಂಕೆಗೂ ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ಬೇರೆಬೇರೆ ರಟ್ಟಿನ ಕಾರ್ಡು ಕೊರೆಯಬೇಕು, ಮಗ್ಗ ವರ್ಷವೆಲ್ಲ ಅದೊಂದಕ್ಕೇ ನಿಲ್ಲಬೇಕು, ಕಣ್ಣು ಮೊದಲಿನ ಹಾಗಿಲ್ಲ ಎಂದು ಅವನು ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ಕಾಣುತ್ತಿದ್ದುದು ಬೀಗರ ಮುಖ. ಮಾಡಲಾಗದ್ದನ್ನು ಯಾಕೆ ತೋರಿಸಿದೆಯೆಂದು ಕೂಗಾಡಿದೆ. ಅವನು ಲಾಳಿ ಕೆಳಗಿಟ್ಟು, ಹೈಸ್ಕೂಲಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರಿನಿಂದಲೇ ಕರೆದು ಹೇಳಿದ.

“ಅದು ಸೀರೆ ಅಲ್ಲಲೇ ಮಲ್ಲಿ. ನನ್ ಕೈ ಎಲ್ಲಿಗಂಟ ಹೋಗ್ತೈತೆ ಅಂತ ನೋಡ್ಕಂಡಿದ್ದು. ಅಷ್ಟು ದೂರ ದಿನಾ ಹೋಗಿ ಬರಾಕಾಗ್ತೈತಾ? ಹಟಕ್ಕೆ ನೇಯ್ದೆ ಅಂದ್ರೆ ಮೂರನೇ ಮೊಳಕ್ಕೆ ಜಿಂಕೆ ಕುರಿ ಆಗ್ತಾವೆ.”

ಕಾದಂಬರಿಯೊಂದರ ಮೊದಲನೆಯ ಅಧ್ಯಾಯ ಬರೆದು, ಚಳ್ಳಕೆರೆಯ ಅಕ್ಷರಸ್ಥರನ್ನೆಲ್ಲ ಹಿಡಿದು ನಿಲ್ಲಿಸಿ ಓದಿಸಿ, ಎರಡನೆಯದನ್ನು ಇಂದಿಗೂ ಬರೆಯದ ನನಗೆ ಈ ಮಾತು ಅಂದೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಹೊಸ್ತಿಲಿಳಿದು ಬಂದೆ. ಅವನು ಮದುವೆಗೆ ಮೊದಲೇ ಒಂದು ಸೀರೆ ಕಳಿಸಿದ; ಕೆಂಪು ಒಡಲು, ಹಸಿರಂಚು, ಅಂಚಿನಲ್ಲಿ ಮಾವು. ನಾನು ಅದರ ಸೆರಗನ್ನು ಮಾತ್ರ ಬಿಡಿಸಿ, ಜಿಂಕೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಮಡಿಸಿಟ್ಟೆ. ಮದುವೆಯ ದಿನ ಅವನು ಬಂದು ಅಕ್ಷತೆ ಹಾಕಿ, ಪಂಕ್ತಿಯ ಕೊನೆಯಲ್ಲಿ ಕೂತು ಉಂಡು ಹೋದ. ಊಟವಾಯಿತೇ ಎಂದು ನಾನು ಎಲ್ಲರನ್ನೂ ಕೇಳಿದೆ, ಅವನೊಬ್ಬನನ್ನು ಬಿಟ್ಟು. ಈ ವಾಕ್ಯ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಮಿರ್ಚಿಯ ಕಾಗದವನ್ನು ಜೇಬಿಗಿಟ್ಟುಕೊಂಡು ಅಂದು ಮನೆಗೆ ಬಂದು, ಹೆಂಡತಿ ಗಿರಿಜಾಳಿಗೆ ಕಾರಿನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ನರಸಿಂಹಲುವಿನ ವಿಷಯಕ್ಕೆ ಬಂದು, ನನ್ನದು ಸ್ವಲ್ಪ ಹೆಚ್ಚೇ ಆಯಿತೇನೋ ಎಂದೆ. ಅವಳು ಎದ್ದು ಹೋಗಿ ಬೀರುವಿನಿಂದ, ಮಗಳು ನಮ್ಮಲ್ಲೇ ಇಟ್ಟುಹೋಗಿದ್ದ ಧಾರೆ ಸೀರೆಯನ್ನು ತಂದಳು. ಸೆರಗಿನ ಕಡೆಯಿಂದಲ್ಲ, ಇನ್ನೊಂದು ಕಡೆಯಿಂದ ಬಿಡಿಸಿದಳು. ಉಡುವಾಗ ಮೊಟ್ಟಮೊದಲು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಸುತ್ತು ಬಂದ ಕೂಡಲೇ ಮುಚ್ಚಿಹೋಗುವ ತುದಿ. ಉಟ್ಟವಳಿಗಲ್ಲದೆ ಯಾರಿಗೂ ಕಾಣದ್ದು. ಅಲ್ಲಿ, ಅಂಗೈಯಗಲದಲ್ಲಿ, ಒಂದೇ ಒಂದು ಜಿಂಕೆಯಿತ್ತು. ಡಬ್ಬಿಯ ಐದರಲ್ಲಿ ಇದಿರಲಿಲ್ಲ. ಇದು ಓಡುತ್ತಿರಲಿಲ್ಲ, ನಿಂತು, ಕತ್ತು ಹೊರಳಿಸಿ, ಬಂದ ದಾರಿಯ ಕಡೆ ನೋಡುತ್ತಿತ್ತು. ತವರಿನಿಂದ ಹೊರಟ ಹುಡುಗಿಗೆಂದೇ ನೇಯ್ದದ್ದು.

ನಿಮಗೆಲ್ಲ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

“ಚೈತ್ರಂಗೆ ಅವರೇ ಹೇಳಿದ್ರಂತೆ ಕಣ್ರೀ. ‘ಅಪ್ಪಂಗೆ ಹೇಳಬ್ಯಾಡ ಅಮ್ಮಾಯಿ, ಊರೆಲ್ಲ ಟಾಂಟಾಂ ಹೊಡೀತಾನೆ’ ಅಂತ.”

ಮರುಭಾನುವಾರ ಹೊರಟೆ. ತಳಕಿನ ಹತ್ತಿರ ಕುರಿಮಂದೆಯೊಂದು ರಸ್ತೆ ದಾಟುವವರೆಗೆ ಕಾಲೂರಿ ನಿಂತಿದ್ದಾಗ, ಹೋಗಿ ಏನು ಹೇಳಬೇಕೆಂದು ನಾಲ್ಕಾರು ಸುಂದರವಾದ ವಾಕ್ಯಗಳನ್ನು ಕಟ್ಟಿಕೊಂಡೆ. ಮೊಳಕಾಲ್ಮುರು ತಲುಪುವಷ್ಟರಲ್ಲಿ ಅವೆಲ್ಲ ಹಂಪುಗಳ ಮೇಲೆ ಒಂದೊಂದಾಗಿ ಉದುರಿಹೋಗಿದ್ದವು. ಅವನ ಬಾಗಿಲಲ್ಲಿ ಸುಮ್ಮನೆ ನಿಂತೆ. ಮಗ್ಗದ ಸದ್ದು ನಿಂತಿತು. ಅವನು ತಲೆಯೆತ್ತಿ ನೋಡಿದ, ಮತ್ತೆ ತಲೆ ತಗ್ಗಿಸಿದ.

“ಸೋಪು ಅಲ್ಲೇ ಐತೆ” ಎಂದ.

ನಾನು ಎರಡು ಸಲ ತೊಳೆದುಕೊಂಡೆ. ಕೈಯಲ್ಲಷ್ಟೇ ಅಲ್ಲ, ಮುಖದಲ್ಲೂ ತೊಳೆಯಬೇಕಾದ್ದು ಸ್ವಲ್ಪವಿತ್ತು.

ಮಿರ್ಚಿಯ ಕಾಗದವನ್ನು ಅವನು ಎರಡು ಉಗುರಿನಲ್ಲಿ ತುದಿ ಹಿಡಿದು ಈಸಿಕೊಂಡ. ಕಾರನ್ನು ಬಹಳ ಹೊತ್ತು ನೋಡಿದ. ಆ ಹಿಂದಿನ ದೀಪದ ಬಾಗು ಚೆನ್ನಾಗಿದೆ, ಅದನ್ನು ಮುಂದೆ ಮಾರುವ ಯಾವ ಕಾರಿಗೆ ಹಾಕುತ್ತಾರಂತೆ ಎಂದು ಕೇಳಿದ. ಹಾಕುತ್ತಾರೆಂದು ನಿನಗೆ ಹೇಗೆ ಗೊತ್ತು ಎಂದೆ. ಅವನು ಮಗ್ಗದ ಮೇಲಿದ್ದ ಸೀರೆಯ ಅಂಚನ್ನು ಬೆರಳಿನಿಂದ ತೋರಿಸಿದ. ದಿನನಿತ್ಯದ ಮಾವೇ ಅದು. ಆದರೆ ಅದರ ತುದಿ, ಬಗ್ಗಿ ನೋಡಿದರೆ, ಜಿಂಕೆಯ ಕೊಂಬಿನಂತೆ ಹಿಂದಕ್ಕೆ ಒರಗಿತ್ತು. ದೂರ ಹೋಗಿ ಬಂದ ಕೈ ಬರಿಗೈಯಲ್ಲಿ ಬಂದಿರಲಿಲ್ಲ. ಆ ಕಂಪನಿಯವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಎಣ್ಣೆಯ ಕಾಗದ ರೇಷ್ಮೆಯ ಹತ್ತಿರ ಸುಳಿಯಕೂಡದಾದ್ದರಿಂದ ಡಬ್ಬಿಯೊಳಗೆ ಅದಕ್ಕೆ ಜಾಗವಿರಲಿಲ್ಲ. ಮಗ್ಗಕ್ಕೆ ದೂರದ, ಕೂತರೆ ಎದುರಿಗೆ ಕಾಣುವ ಗೋಡೆಯ ಮೊಳೆಗೆ ಅವನು ಅದನ್ನು ಸಿಕ್ಕಿಸಿದ. ಕಾರಿನ ಚಕ್ರದ ಬಳಿಯಿದ್ದ ಜಿಡ್ಡು ಆಗಲೇ ಅದರ ಬಾಗಿಲವರೆಗೆ ಹರಡಿತ್ತು. ಈಗ ಚಾವಣಿ ಮುಟ್ಟಿರಬೇಕು. ಸೀರೆಯ ಒಳತುದಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಗೊತ್ತಿಲ್ಲವೆಂದೇ ಅವನು ತಿಳಿದಿದ್ದಾನೆ, ಹಾಗೆಯೇ ತಿಳಿದಿರಲೆಂದು ನಾನು ಜನ್ಮದಲ್ಲಿ ಮೊದಲ ಸಲ ಬಾಯಿ ಬಿಗಿಹಿಡಿದಿದ್ದೇನೆ. ನಿಮ್ಮಲ್ಲಿ ಹೇಳಿದ್ದು ಬೇರೆ ಮಾತು, ನೀವು ಮನೆಯವರಿದ್ದಂತೆ. ಇದು ಅಚ್ಚಾಗುವ ಪತ್ರಿಕೆಯನ್ನು ನರಸಿಂಹಲು ಓದುವವನೂ ಅಲ್ಲ. ನನಗಿರುವ ಭಯ ಒಂದೇ: ಮೊಳಕಾಲ್ಮುರಿನಲ್ಲೂ ಸಂಜೆಯ ಹೊತ್ತು ಮಿರ್ಚಿ ಮಾಡುತ್ತಾರೆ, ಕಾಗದದಲ್ಲೇ ಕಟ್ಟಿಕೊಡುತ್ತಾರೆ.